‘ನನ್ನ ಹೆಸರು ತೆಗೆದುಬಿಡಿ’ ಎಂದು ಸದಸ್ಯರು ಕೇಳಿದಾಗ: ಕೊಳವೆಬಾವಿ ಮಾಹಿತಿ ಕೂಟಗಳ ಮುಂದಿರುವ ದಾರಿಗಳು

ನಮ್ಮ ಕೊಳವೆಬಾವಿ ಮಾಹಿತಿ ಕೂಟದ ಸದಸ್ಯರಾದ ಮುಳಬಾಗಿಲು ತಾಲ್ಲೂಕಿನ ರೈತರೊಬ್ಬರು ಒಂದು ಸಂಜೆ ಫೋನ್ ಮಾಡಿ, “ಸಾರ್, ನಿಮ್ಮ ಪಟ್ಟಿಯಲ್ಲಿ ನನ್ನ ಹೆಸರು, ನನ್ನ ಬೋರಿನ ವಿಷಯ ಏನೇನಿದೆಯೋ ಅಷ್ಟನ್ನೂ ತೆಗೆದುಬಿಡಿ” ಎಂದರು. ಕಾರಣವನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರ ಖಾತೆಯಲ್ಲಿ ಐದು ಕೊಳವೆಬಾವಿಗಳ ವಿವರವಿತ್ತು. ಅವುಗಳಲ್ಲಿ ನಾಲ್ಕು ನೀರು ಕೊಟ್ಟಿರಲಿಲ್ಲ. ಒಂದರ ಮುಂದೆ ಅವರೇ “1,180 ಅಡಿ, ಬರೀ ಧೂಳು” ಎಂದು ಬರೆದಿದ್ದರು. ಆ ರಾತ್ರಿಯೇ ಕುಳಿತು ಐದೂ ಸಾಲುಗಳನ್ನು ಅಳಿಸಿಹಾಕಿದೆ. ಕೇಳಿದವರ ಮಾತನ್ನು ನಡೆಸಿಕೊಟ್ಟೆನೆಂಬ ಸಮಾಧಾನವಿತ್ತು. ಆದರೆ ಅಳಿಸುವುದಕ್ಕಿಂತ ಮೊದಲು ಅವರ ಮುಂದೆ ಬೇರೆ ದಾರಿಗಳನ್ನೂ ಇಡಬೇಕಿತ್ತೆಂಬುದು ನಾಲ್ಕು ತಿಂಗಳ ನಂತರ ತಿಳಿಯಿತು.

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ರೈತರು ತಮ್ಮತಮ್ಮೊಳಗೇ ಕೂಟ ಕಟ್ಟಿಕೊಂಡು, ಎಲ್ಲಿ ಎಷ್ಟು ಅಡಿ ಕೊರೆಸಿದರು, ಮಣ್ಣು ಕುಸಿಯದಂತೆ ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಸಿದರು, ಎಷ್ಟರಲ್ಲಿ ನೀರು ಸಿಕ್ಕಿತು, ಎಷ್ಟು ಇಂಚು ನೀರು, ಯಾವ ವರ್ಷ ಬತ್ತಿತು ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ದಾಖಲಿಸಿಡುವ ಕೆಲಸವನ್ನು ಕೈಗೊಂಡರೆ, ಅಂಥ ಕೂಟದ ಕಾರ್ಯದರ್ಶಿಗಳಿಗೆ ಇಂದಲ್ಲ ನಾಳೆ ಇಂಥ ಕೋರಿಕೆ ಬಂದೇ ಬರುತ್ತದೆ. ಅವರಿಗಾಗಿ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಹಾಲು, ರೇಷ್ಮೆ, ಟೊಮೆಟೊ ಬೆಳೆಗಾರರ ಗುಂಪುಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ. ಆದರೆ ನನಗೆ ತಿಳಿದಿರುವುದು ಬೋರಿನ ಲೆಕ್ಕವಾದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಖಾತೆ ಎಂಬುದರೊಳಗೆ ಏನೇನಿದೆ

ಸದಸ್ಯರು ‘ನನ್ನ ಖಾತೆ’ ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಆದರೆ ಆ ಮಾತಿನೊಳಗೆ ಬೇರೆ ಬೇರೆ ಬಗೆಯ ವಸ್ತುಗಳಿವೆ, ಒಂದೊಂದಕ್ಕೂ ಒಂದೊಂದು ನ್ಯಾಯ. ಹೆಸರು, ಊರು, ಮೊಬೈಲ್ ಸಂಖ್ಯೆ, ಫೋಟೋ ಸಂಪೂರ್ಣವಾಗಿ ಅವರವು. ಬೋರಿನ ಆಳ ಮತ್ತು ನೀರಿನ ಪ್ರಮಾಣ ಅವರ ಜಮೀನಿನ ವಿಷಯವೂ ಹೌದು, ಅದೇ ಬಂಡೆಯ ಮೇಲೆ ಬದುಕುವ ಅಕ್ಕಪಕ್ಕದವರ ವಿಷಯವೂ ಹೌದು. ವಾರ್ಷಿಕ ಚಂದಾದ ರಸೀದಿ ಕೂಟದ ಲೆಕ್ಕಪತ್ರಕ್ಕೆ ಸೇರಿದ್ದು. ಇನ್ನೊಬ್ಬ ಸದಸ್ಯರು ತಮ್ಮ ಸಾಲಿನಲ್ಲಿ “ಇವರ ಬೋರಿನಿಂದ ಅರವತ್ತು ಅಡಿ ದೂರದಲ್ಲಿ ನಮ್ಮದು” ಎಂದು ಬರೆದುಕೊಂಡಿದ್ದರೆ, ಅದು ಬರೆದವರ ಮಾತು. ಆದರೆ ಅದರೊಳಗೆ ಹೊರಟುಹೋದವರ ಹೆಸರಿದೆ.

ಹೆಸರನ್ನು ತೆಗೆಯುವುದು ಒಂದು ಕೆಲಸ, ಮಾಹಿತಿಯನ್ನು ತೆಗೆಯುವುದು ಇನ್ನೊಂದು ಕೆಲಸ. ಇವೆರಡನ್ನೂ ಬೇರೆ ಬೇರೆಯಾಗಿ ಕೇಳಿ, ಬೇರೆ ಬೇರೆಯಾಗಿ ತೀರ್ಮಾನಿಸಬೇಕು. ಎರಡನ್ನೂ ಒಂದಾಗಿ ಎಣಿಸಿದ್ದೇ ನಾನು ಮಾಡಿದ ತಪ್ಪು.

ಮೊದಲ ದಾರಿ: ಖಾತೆಯನ್ನು ತಡೆಹಿಡಿಯುವುದು

ಸದಸ್ಯರ ಹೆಸರು ಪಟ್ಟಿಯಲ್ಲಿ ಯಾರಿಗೂ ಕಾಣದಂತೆ ಮಾಡಿ, ಅವರಿಗೆ ಹೋಗುವ ಸಂದೇಶಗಳನ್ನು ನಿಲ್ಲಿಸಿ, ಒಳಗಿನ ದಾಖಲೆಯನ್ನು ಕೆಲಕಾಲ ಹಾಗೆಯೇ ಇಡುವುದು ಎಲ್ಲಕ್ಕಿಂತ ಸುಲಭವಾದ ಕೆಲಸ. ದೊಡ್ಡ ಕಂಪನಿಗಳೂ ಹೀಗೆ ಒಂದು ಗಡುವು ಇಡುತ್ತವೆ. ಫೇಸ್‌ಬುಕ್‌ನಲ್ಲಿ ಖಾತೆ ಅಳಿಸಲು ಕೇಳಿದ ಮೇಲೆ 30 ದಿನಗಳೊಳಗೆ ಮನಸ್ಸು ಬದಲಾಯಿಸಿ ಹಿಂದಕ್ಕೆ ಪಡೆಯಬಹುದು. ಟೊಮೆಟೊ ದರ ಬಿದ್ದ ವಾರದಲ್ಲೋ, ಸಭೆಯಲ್ಲಿ ಮಾತಿಗೆ ಮಾತು ಬೆಳೆದ ಮರುದಿನವೋ ಬರುವ ಕೋರಿಕೆಗಳಿಗೆ ಈ ಗಡುವು ಬಹಳ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಹಾಗೆ ಹೊರಟವರಲ್ಲಿ ಕೆಲವರು ಮುಂಗಾರಿನ ಹೊತ್ತಿಗೆ ತಾವೇ ಹಿಂತಿರುಗಿದ್ದಾರೆ.

ಆದರೆ ತಡೆಹಿಡಿಯುವುದು ಅಳಿಸಿದಂತೆ ಅಲ್ಲ. ‘ತೆಗೆದಿದ್ದೇವೆ’ ಎಂದು ಹೇಳಿ ಒಳಗೊಳಗೆ ಇಟ್ಟುಕೊಂಡರೆ ಅದು ಸುಳ್ಳು. ಒಮ್ಮೆ ಹೊರಬಿದ್ದರೆ ಆ ಊರಿನಲ್ಲಿ ಇನ್ನಾರೂ ನಿಮಗೆ ಬೋರಿನ ಆಳ ಹೇಳುವುದಿಲ್ಲ. ಆದ್ದರಿಂದ ಗಡುವು ಎಷ್ಟು ದಿನ, ಗಡುವಿನ ನಂತರ ಏನಾಗುತ್ತದೆ ಎಂಬುದನ್ನು ಮೊದಲ ದಿನವೇ ಬರೆದು ತಿಳಿಸಬೇಕು. ಸದಸ್ಯರು “ಗಡುವು ಬೇಡ, ಈಗಲೇ ತೆಗೆಯಿರಿ” ಎಂದರೆ ಅಲ್ಲಿಗೆ ಈ ದಾರಿ ಮುಗಿಯಿತು.

ಎರಡನೆಯ ದಾರಿ: ಹೆಸರನ್ನು ಕಳಚಿ ಮಾಹಿತಿಯನ್ನು ಉಳಿಸುವುದು

ಹೆಚ್ಚಿನ ಸಂದರ್ಭಗಳಲ್ಲಿ ನಾನು ಸೂಚಿಸುವುದು ಈ ದಾರಿಯನ್ನೇ. ಹೇಳಲು ಸುಲಭ, ಸರಿಯಾಗಿ ಮಾಡಲು ಕಷ್ಟ. ಹೆಸರು ಮತ್ತು ಫೋನ್ ಸಂಖ್ಯೆ ಇರುವ ಅಂಕಣಗಳನ್ನು ಖಾಲಿ ಮಾಡಿದರೆ ಕೆಲಸ ಮುಗಿಯಿತೆಂದು ನಾವೂ ಮೊದಲು ನಂಬಿದ್ದೆವು.

ನಂಬಿಕೆ ಕೆಟ್ಟದ್ದು ಸರ್ವೆ ನಂಬರಿನಿಂದ. ಕರ್ನಾಟಕದ ಜಮೀನಿನ ದಾಖಲೆಗಳು ಭೂಮಿ ಯೋಜನೆಯಡಿ ಕಂಪ್ಯೂಟರೀಕರಣಗೊಂಡಿವೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಮತ್ತು ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ಗೊತ್ತಿದ್ದರೆ ಯಾರು ಬೇಕಾದರೂ ಪಹಣಿಯ ವಿವರವನ್ನು ಅಂತರ್ಜಾಲದಲ್ಲಿ ನೋಡಬಹುದು, ಅದರಲ್ಲಿ ಮಾಲೀಕರ ಹೆಸರು ಇದ್ದೇ ಇರುತ್ತದೆ. ಪಹಣಿ ಹೀಗೆ ಎಲ್ಲರಿಗೂ ಸಿಗುವುದರಿಂದ ರೈತರಿಗೆ ಆಗಿರುವ ಉಪಕಾರ ಬಹಳ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಪಟ್ಟಿಯಲ್ಲಿ ಹೆಸರನ್ನು ಅಳಿಸಿ ಸರ್ವೆ ನಂಬರನ್ನು ಹಾಗೆಯೇ ಬಿಟ್ಟರೆ, ನಾವು ಅಳಿಸಿದ ಹೆಸರನ್ನು ಪಹಣಿ ಮತ್ತೆ ತುಂಬಿಕೊಡುತ್ತದೆ. ಶ್ರೀನಿವಾಸಪುರದ ಕಡೆಯ ಒಬ್ಬ ಸದಸ್ಯರ ಹೆಸರನ್ನು ತೆಗೆದ ಮೇಲೂ, ಅವರ ಜಮೀನನ್ನು ಕೊಳ್ಳಲು ಬಂದವರೊಬ್ಬರು ನಮ್ಮದೇ ಪಟ್ಟಿಯ ಮುದ್ರಿತ ಹಾಳೆಯನ್ನು ಹಿಡಿದು, “ನಿಮ್ಮ ಈ ಸರ್ವೆ ನಂಬರಿನಲ್ಲಿ ಮೂರು ಬೋರ್ ಫೇಲ್ ಆಗಿದೆಯಂತಲ್ಲ” ಎಂದು ಬೆಲೆ ಇಳಿಸಲು ಕೇಳಿದರಂತೆ. ಆ ಸದಸ್ಯರು ನನ್ನ ಮನೆಯ ಜಗಲಿಯ ಮೇಲೆ ಕುಳಿತು, ಧ್ವನಿ ಏರಿಸದೆ, ಇದನ್ನು ಹೇಳಿ ಎದ್ದುಹೋದರು. ಅದರ ನೋವು ಈಗಲೂ ಹೋಗಿಲ್ಲ.

ಕೊಳ್ಳುವವರಿಗೆ ನಿಜ ತಿಳಿಯಬಾರದೇ ಎಂದು ಕೆಲವರು ಕೇಳುತ್ತಾರೆ. ಜಮೀನಿನ ವ್ಯವಹಾರದಲ್ಲಿ ಮಾರುವವರು ಏನು ಹೇಳಬೇಕೆಂಬುದು ಬೇರೆ ಪ್ರಶ್ನೆ, ಅದನ್ನು ಅವರವರು ಮಾತಾಡಿಕೊಳ್ಳಲಿ. ನೆರೆಹೊರೆಯವರು ಮತ್ತೊಂದು ಒಣ ಬೋರಿಗೆ ಹಣ ಸುರಿಯದಿರಲೆಂದು ಒಬ್ಬರು ನಂಬಿಕೆಯಿಂದ ಕೊಟ್ಟ ಮಾಹಿತಿಯನ್ನು ಅವರ ಮೇಲೆಯೇ ತಿರುಗಿಸಲು ಕೂಟ ದಾರಿ ಮಾಡಿಕೊಡಬಾರದು.

ಹಾಗಾಗಿ ಹೆಸರು ಕಳಚುವಾಗ ನಾವು ಈಗ ಸರ್ವೆ ನಂಬರ್, ಹಿಸ್ಸಾ ಮತ್ತು ಜಿಪಿಎಸ್ ಗುರುತನ್ನು ತೆಗೆದು, ಅದರ ಬದಲು ‘ಇಂಥ ಕೆರೆಯ ಅಚ್ಚುಕಟ್ಟು’ ಅಥವಾ ‘ಇಂಥ ಊರಿನ ಮೂಡಣ ದಿನ್ನೆ’ ಎಂದಷ್ಟೇ ಬರೆಯುತ್ತೇವೆ. ಆಳವನ್ನು ಐವತ್ತು ಅಡಿಗಳ ಹತ್ತಿರದ ಅಂಕಿಗೆ ಸರಿಮಾಡುತ್ತೇವೆ. 1,180 ಅಡಿ ಇದ್ದದ್ದು 1,200 ಆಗುತ್ತದೆ. ತಾರೀಖನ್ನು ಬಿಟ್ಟು ವರ್ಷವನ್ನು ಮಾತ್ರ ಉಳಿಸುತ್ತೇವೆ, ಏಕೆಂದರೆ ರಿಗ್ ಲಾರಿ ಊರಿಗೆ ಬಂದ ದಿನ ಊರಿಗೆಲ್ಲ ನೆನಪಿರುತ್ತದೆ. ಒಂದು ಅಚ್ಚುಕಟ್ಟಿನಲ್ಲಿ ಐದಕ್ಕಿಂತ ಕಡಿಮೆ ಬೋರುಗಳಿದ್ದರೆ ಪಕ್ಕದ ಅಚ್ಚುಕಟ್ಟಿನ ಜೊತೆ ಸೇರಿಸುತ್ತೇವೆ. ಐದು ಎಂಬ ಸಂಖ್ಯೆ ನಮ್ಮ ಅನುಭವದಿಂದ ಬಂದದ್ದು, ನಿಮ್ಮ ಊರಿಗೆ ಹತ್ತು ಬೇಕಾಗಬಹುದು. ರಿಗ್ಗಿನ ಮುಂದೆ ಮನೆಮಂದಿ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ಅದನ್ನು ಮರುಮಾತಿಲ್ಲದೆ ತೆಗೆಯಬೇಕು. ಬೇರೆ ಸದಸ್ಯರ ಸಾಲುಗಳಲ್ಲಿ ಹೊರಟವರ ಹೆಸರಿದ್ದರೆ, ಬರೆದವರಿಗೆ ಒಂದು ಮಾತು ತಿಳಿಸಿ, ಹೆಸರಿನ ಜಾಗದಲ್ಲಿ ‘ಪಕ್ಕದ ಬೋರಿನಿಂದ’ ಎಂದು ತಿದ್ದುತ್ತೇವೆ.

ಇಷ್ಟು ಮಾಡಿದಾಗ ಮಾಹಿತಿಯ ಬೆಲೆ ತಗ್ಗುವುದು ನಿಜ. ನಮ್ಮದು ಗಟ್ಟಿ ಬಂಡೆಯ ನೆಲ; ನೀರು ಇರುವುದು ಬಂಡೆಯ ಸೀಳುಗಳಲ್ಲಿ, ಒಂದು ಪಾಯಿಂಟಿನಲ್ಲಿ ಧೂಳು ಹಾರಿದರೂ ನೂರಡಿ ಆಚೆ ಎರಡಿಂಚು ನೀರು ಬರಬಹುದು. ಆದ್ದರಿಂದ ‘ಕೆರೆಯ ಅಚ್ಚುಕಟ್ಟಿನಲ್ಲಿ ಎಲ್ಲೋ ಒಂದು ಫೇಲ್ ಬೋರ್ ಇದೆ’ ಎಂಬ ಮಾತು, ‘ಈ ಬದುವಿನಿಂದ ಇಷ್ಟು ಅಡಿಗೆ ಫೇಲ್ ಬೋರ್ ಇದೆ’ ಎಂಬ ಮಾತಿನಷ್ಟು ಉಪಕಾರ ಮಾಡಲಾರದು. ಆದರೂ ಇಡೀ ಪ್ರದೇಶದ ಚಿತ್ರ ಉಳಿಯುತ್ತದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದೆ. ಆ ಕೆರೆಗಳ ಸುತ್ತ ಮೊದಲು ಎಷ್ಟು ಆಳದಲ್ಲಿ ನೀರಿತ್ತು, ಈಗ ಎಷ್ಟರಲ್ಲಿದೆ ಎಂದು ಹೋಲಿಸಿ ನೋಡಲು ಹಳೆಯ ಸಾಲುಗಳೇ ಬೇಕು. ಅವುಗಳನ್ನು ಕೊಟ್ಟವರ ಹೆಸರು ಈ ಹೋಲಿಕೆಗೆ ಬೇಕಿಲ್ಲ.

ಮೂರನೆಯ ದಾರಿ: ಬೇರುಸಹಿತ ಅಳಿಸುವುದು

ಸದಸ್ಯರು ಎರಡನೆಯ ದಾರಿಯನ್ನು ಅರ್ಥಮಾಡಿಕೊಂಡ ಮೇಲೂ “ಏನೂ ಉಳಿಯಬಾರದು” ಎಂದರೆ, ಅಳಿಸಲೇಬೇಕು. ಮಾಹಿತಿ ಎಷ್ಟೇ ಅಮೂಲ್ಯವಾಗಿರಲಿ, ಅದು ಕೊಟ್ಟವರ ಒಪ್ಪಿಗೆಯ ಮೇಲೆ ನಿಂತಿದೆ. ಹೆಸರು ಕಳಚಿದರೂ ಗುರುತು ಸಿಕ್ಕೇ ಸಿಗುವಂಥ ಪ್ರಸಂಗಗಳಲ್ಲಿ, ಅಂದರೆ ಊರಿಗೊಂದೇ ದ್ರಾಕ್ಷಿ ತೋಟ, ಅದಕ್ಕೊಂದೇ ಬೋರ್ ಎಂಬಂಥ ಕಡೆಗಳಲ್ಲಿ, ನಾವೇ ಮುಂದಾಗಿ ಈ ದಾರಿಯನ್ನು ಹೇಳಬೇಕು.

ಇದರಿಂದಾಗುವ ನಷ್ಟವನ್ನೂ ಮುಚ್ಚಿಡಬಾರದು. ಮೊದಲು ಹೇಳಿದ ಮುಳಬಾಗಿಲಿನ ಸದಸ್ಯರ ಸಾಲುಗಳನ್ನು ನಾನು ಅಳಿಸಿದ ನಾಲ್ಕು ತಿಂಗಳಿಗೆ, ಅವರ ಬದುವಿಗೆ ತಾಗಿದ ಜಮೀನಿನವರು ನಮ್ಮ ಪಟ್ಟಿಯನ್ನು ನೋಡಿ, ಆ ಭಾಗದಲ್ಲಿ ಒಂದೂ ಫೇಲ್ ಬೋರ್ ಇಲ್ಲವೆಂದು ತಿಳಿದು, ಸಾಲ ಮಾಡಿ ಕೊರೆಸಿದರು. ಸಾವಿರದ ನೂರು ಅಡಿಗೂ ಧೂಳೇ. ಹಳೆಯ ಸಾಲುಗಳಿದ್ದಿದ್ದರೆ ಅವರು ಕೊರೆಸುತ್ತಿರಲಿಲ್ಲವೆಂದು ಆಣೆ ಮಾಡಿ ಹೇಳಲಾರೆ. ಬಂಡೆಯ ಒಳಗನ್ನು ಕಂಡವರಿಲ್ಲ, ಪಾಯಿಂಟ್ ನೋಡುವವರು ಬೇರೆ ಕಡೆ ಗುರುತು ಮಾಡಿರುತ್ತಿದ್ದರೋ ಏನೋ. ಆದರೆ ಪಟ್ಟಿಯಲ್ಲಿ ಏನೂ ಇಲ್ಲದಿರುವುದನ್ನು ಅವರು ‘ಅಲ್ಲಿ ಯಾರೂ ಕೊರೆಸಿಲ್ಲ’ ಎಂದು ಓದಿಕೊಂಡರು. ಅಂದಿನಿಂದ ನಾವು ಬೇರುಸಹಿತ ಅಳಿಸಿದ ಕಡೆಗಳಲ್ಲೂ ಆ ಹೋಬಳಿಯ ಪಟ್ಟಿಯ ತಲೆಯಲ್ಲಿ ಒಂದು ಸಾಲು ಸೇರಿಸುತ್ತೇವೆ: “ಈ ಭಾಗದ ಕೆಲವು ದಾಖಲೆಗಳನ್ನು ಕೊಟ್ಟವರ ಕೋರಿಕೆಯಂತೆ ತೆಗೆಯಲಾಗಿದೆ, ಪಟ್ಟಿ ಪೂರ್ಣವೆಂದು ಎಣಿಸಬೇಡಿ.” ಎಷ್ಟು ದಾಖಲೆ, ಯಾವ ಊರಿನವು ಎಂಬುದು ಅದರಲ್ಲಿರುವುದಿಲ್ಲ. ಸಾಲು ಚಿಕ್ಕದಾದರೂ ಅದಿಲ್ಲದೆ ಅಳಿಸುವುದು ಉಳಿದ ಸದಸ್ಯರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇನ್ನು ಅಳಿಸುವ ಕ್ರಿಯೆ. ಗೂಗಲ್ ಶೀಟಿನಲ್ಲಿ ಸಾಲನ್ನು ತೆಗೆದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹಳೆಯ ಆವೃತ್ತಿಗಳನ್ನು ತೆರೆದು ನೋಡಿದರೆ ಅಳಿಸಿದ್ದೆಲ್ಲ ಹಾಗೆಯೇ ಕುಳಿತಿರುತ್ತದೆ, ತಿದ್ದುವ ಅಧಿಕಾರವಿರುವ ಯಾರು ಬೇಕಾದರೂ ಅದನ್ನು ನೋಡಬಹುದು. ಅದಕ್ಕಾಗಿ ನಾವು ವರ್ಷಕ್ಕೆರಡು ಸಲ, ಅಳಿಸುವ ಕೋರಿಕೆಗಳನ್ನು ಪೂರೈಸಿದ ಮೇಲೆ, ಶೀಟಿನ ಹೊಸ ಪ್ರತಿಯನ್ನು ಮಾಡಿಕೊಂಡು ಹಳೆಯದನ್ನು ತೆಗೆದುಹಾಕುತ್ತೇವೆ; ಡ್ರೈವಿನ ಕಸದ ಬುಟ್ಟಿಗೆ ಹೋದ ಕಡತ 30 ದಿನಗಳ ನಂತರ ತಾನಾಗಿ ಅಳಿಯುತ್ತದೆ, ಕಾಯಲಾಗದಿದ್ದರೆ ಬುಟ್ಟಿಯನ್ನು ಕೂಡಲೇ ಖಾಲಿ ಮಾಡಬಹುದು. ಶೀಟನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಂಡು ಫೋನಿನಲ್ಲಿಟ್ಟುಕೊಂಡ ಕಾರ್ಯಕರ್ತರು ಇದ್ದೇ ಇರುತ್ತಾರೆ. ಅವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹಳೆಯ ಕಡತವನ್ನು ತೆಗೆಸಬೇಕು. ಪಂಚಾಯಿತಿ ಕಟ್ಟೆಯ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಹಂಚಿದ ಹಾಳೆಗಳನ್ನು ಹಿಂದಕ್ಕೆ ಪಡೆಯುವುದು ಸಾಧ್ಯವಿಲ್ಲ, ಅದನ್ನು ಸದಸ್ಯರಿಗೆ ಇದ್ದದ್ದು ಇದ್ದಹಾಗೆ ಹೇಳಬೇಕು. ವಾಟ್ಸ್‌ಆ್ಯಪ್ ಗುಂಪಿನಿಂದ ಒಬ್ಬರು ಹೊರಬಿದ್ದರೂ ಅವರು ಹಿಂದೆ ಹಾಕಿದ ಸಂದೇಶಗಳು ಉಳಿದವರ ಫೋನಿನಲ್ಲಿ ಉಳಿಯುತ್ತವೆ. ನಮ್ಮ ಕೈಯಲ್ಲಿಲ್ಲದ್ದನ್ನು ‘ಅಳಿಸಿದ್ದೇವೆ’ ಎಂದು ಬರೆದುಕೊಡಬಾರದು.

ಅಳಿಸಬಾರದ ಭಾಗ

ಮೇಲಿನ ಯಾವ ದಾರಿ ಹಿಡಿದರೂ ಕೆಲವು ಕಾಗದಗಳು ಬೀಗದೊಳಗೆ ಉಳಿಯಬೇಕಾಗುತ್ತದೆ. ಚಂದಾ ಮತ್ತು ದೇಣಿಗೆಯ ರಸೀದಿ, ಸಭೆಯ ನಡಾವಳಿ, ಲೆಕ್ಕಪರಿಶೋಧನೆಗೆ ಬೇಕಾದ ಪುಸ್ತಕ ಇವೆಲ್ಲ ಕಾನೂನಿನ ಅಗತ್ಯಕ್ಕಾಗಿ ಇಡುವಂಥವು. ಅಂಥ ಅಗತ್ಯವಿರುವಷ್ಟನ್ನು ಇಟ್ಟುಕೊಳ್ಳಲು, ಕೆಳಗೆ ಹೇಳಲಿರುವ ಹೊಸ ದತ್ತಾಂಶ ಸಂರಕ್ಷಣಾ ಕಾಯಿದೆಯೇ ಅವಕಾಶ ಕೊಟ್ಟಿದೆ. ಇವನ್ನು ಪಟ್ಟಿಯಿಂದ ಬೇರ್ಪಡಿಸಿ, ಖಜಾಂಚಿ ಮತ್ತು ಲೆಕ್ಕಪರಿಶೋಧಕರಿಗೆ ಮಾತ್ರ ಕಾಣುವಂತೆ ಇಟ್ಟರೆ ಸಾಕು.

ಬೋರಿನ ವಿಷಯದಲ್ಲಿ ಮಾತ್ರ ಇನ್ನೊಂದು ಗಂಭೀರವಾದ ಸಂಗತಿ ಇದೆ. ನೀರು ಬಾರದೆ ಕೈಬಿಟ್ಟ ಕೊಳವೆಬಾವಿಯ ಬಾಯಿ ತೆರೆದೇ ಇದ್ದರೆ ಮಕ್ಕಳು ಬೀಳುತ್ತಾರೆ. ಅಂಥ ಬಾವಿಗಳನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ನಿರ್ದೇಶಿಸಿದೆ. ಸದಸ್ಯರು ಅಳಿಸಲು ಕೇಳಿದ ಸಾಲುಗಳಲ್ಲಿ ಮುಚ್ಚಿರುವ ಬಗ್ಗೆ ಗುರುತಿಲ್ಲದ ಫೇಲ್ ಬೋರ್ ಇದ್ದರೆ, ಅಳಿಸುವುದಕ್ಕಿಂತ ಮೊದಲು ಹೋಗಿ ನೋಡಿ ಬನ್ನಿ. ನಾನು ಹಾಗೆ ಹೋದ ಒಂದು ಕಡೆ, ಕೇಸಿಂಗ್ ಪೈಪನ್ನು ಮೇಲೆತ್ತಿ ಮಾರಿಬಿಟ್ಟಿದ್ದರು. ಒಂಬತ್ತು ಅಂಗುಲದ ಬಾಯಿಯ ಮೇಲೆ ಒಂದು ಗೋಣಿಚೀಲ, ಅದರ ಮೇಲೆ ಒಂದು ಚಪ್ಪಡಿ ತುಂಡು, ಪಕ್ಕದಲ್ಲೇ ಮೇಕೆ ಕಾಯುವ ಹುಡುಗ ಕುಳಿತಿದ್ದ. ಆ ದಿನ ದಾಖಲೆ ಅಳಿಸುವ ಮಾತು ಆಮೇಲೆ ಎಂದು ಹೇಳಿ, ಮೊದಲು ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿದೆವು. ಜಮೀನಿನವರೇ ಬಾಡಿಗೆ ಕೊಟ್ಟರು. ಬಾವಿ ಮುಚ್ಚಿದ ಮೇಲೆ ಅವರ ಸಾಲನ್ನು ಅವರೆದುರಿಗೇ ಅಳಿಸಿದೆ.

ಕೇಳುತ್ತಿರುವವರು ಅವರೇನಾ

ನಮ್ಮಂಥ ಕೂಟಗಳಲ್ಲಿ ಖಾತೆಯ ಕೀಲಿಕೈ ಎಂದರೆ ಮೊಬೈಲ್ ಸಂಖ್ಯೆ. ಬಳಕೆ ನಿಂತು ಕಡಿತಗೊಂಡ ಸಂಖ್ಯೆಯನ್ನು 90 ದಿನಗಳ ನಂತರ ಬೇರೊಬ್ಬರಿಗೆ ಕೊಡಲು ದೂರಸಂಪರ್ಕ ಕಂಪನಿಗಳಿಗೆ ಅವಕಾಶವಿದೆ. ಆದ್ದರಿಂದ ನಮ್ಮ ಪಟ್ಟಿಯಲ್ಲಿರುವ ಸಂಖ್ಯೆಯಿಂದಲೇ ಕೋರಿಕೆ ಬಂದರೂ ಕೇಳುತ್ತಿರುವವರು ಸದಸ್ಯರೇ ಎಂದು ತಿಳಿಯಲಾಗದು. ಸಂಖ್ಯೆ ಬದಲಾದ ಸದಸ್ಯರು ಬೇರೆ ಸಂಖ್ಯೆಯಿಂದ ಕೇಳಿದರೆ ಅವರಲ್ಲವೆಂದೂ ಹೇಳಲಾಗದು. ಇದಕ್ಕಾಗಿ ಆಧಾರ್ ಕಾರ್ಡಿನ ಪ್ರತಿ ಕಳುಹಿಸಿ ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಇರುವ ಮಾಹಿತಿಯನ್ನೇ ತೆಗೆಯಿರಿ ಎಂದು ಬಂದವರಿಂದ ಮತ್ತೊಂದು ಸೂಕ್ಷ್ಮ ಮಾಹಿತಿಯನ್ನು ಕೇಳಿ ಇಟ್ಟುಕೊಳ್ಳುವುದು ಕೋರಿಕೆಗೇ ವಿರುದ್ಧ. ಯಾವ ವರ್ಷ ಕೊರೆಸಿದಿರಿ, ಎಷ್ಟು ಕೇಸಿಂಗ್ ಇಳಿಸಿದಿರಿ ಎಂದು ಎರಡು ಪ್ರಶ್ನೆ ಕೇಳಿದರೆ, ಕೈಯಿಂದ ಹಣ ಸುರಿದವರು ತಡಬಡಾಯಿಸದೆ ಹೇಳುತ್ತಾರೆ. ಅಷ್ಟರಿಂದಲೂ ಸಂಶಯ ಹೋಗದಿದ್ದರೆ ಆ ಊರಿನ ಕಾರ್ಯಕರ್ತರು ಮನೆಗೆ ಹೋಗಿ ಕೇಳಿಕೊಂಡು ಬರಬೇಕು.

ಅಣ್ಣತಮ್ಮಂದಿರ ನಡುವೆ ಜಮೀನು ವಿಭಾಗವಾದ ಮನೆಗಳಲ್ಲಿ ಇದು ಇನ್ನೂ ತೊಡಕು. ಅಣ್ಣ ಸದಸ್ಯನಾಗಿದ್ದಾಗ ಬರೆಸಿದ ಬೋರ್ ಈಗ ತಮ್ಮನ ಪಾಲಿಗೆ ಹೋಗಿರುತ್ತದೆ. ತಮ್ಮ ಸದಸ್ಯನಲ್ಲ, ಆದರೆ ತೆಗೆಯಿರಿ ಎಂದು ಕೇಳುತ್ತಾನೆ. ಖಾತೆ ಅಣ್ಣನದು, ಬೋರು ತಮ್ಮನದು. ಇಂಥಲ್ಲಿ ನಾವು ಅಣ್ಣನ ಖಾತೆಯನ್ನು ಮುಟ್ಟದೆ, ತಮ್ಮನ ಪಾಲಿನ ಬೋರಿಗೆ ಮಾತ್ರ ಎರಡನೆಯ ದಾರಿಯನ್ನು ಅನ್ವಯಿಸಿ, ಇಬ್ಬರಿಗೂ ತಿಳಿಸುತ್ತೇವೆ. ಸದಸ್ಯರು ತೀರಿಕೊಂಡಿದ್ದರೆ ಮನೆಯವರ ಮಾತಿಗೆ ಕಿವಿಗೊಡಬೇಕು. ತಮ್ಮ ನಂತರ ಈ ಹಕ್ಕನ್ನು ಯಾರು ಚಲಾಯಿಸಬೇಕೆಂದು ನಾಮನಿರ್ದೇಶನ ಮಾಡುವ ಅವಕಾಶ ಹೊಸ ಕಾಯಿದೆಯಲ್ಲಿದೆ, ಸದಸ್ಯತ್ವದ ಅರ್ಜಿಯಲ್ಲಿಯೇ ಅದಕ್ಕೊಂದು ಜಾಗ ಇಡುವುದು ಒಳ್ಳೆಯದು.

ಕಾಯಿದೆ ಹೇಳುವುದು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು; ಆ ಮೊಕದ್ದಮೆಯ ಅರ್ಜಿದಾರರಾಗಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಮುಂದುವರಿಕೆಯಾಗಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರ ಆಗಸ್ಟ್‌ನಲ್ಲಿ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅಳಿಸುವ ಹಕ್ಕೂ ಸೇರಿದಂತೆ ಮುಖ್ಯ ಭಾಗಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಗೆ ಬರುವಂತೆ ಹಂತಗಳನ್ನು ಮಾಡಲಾಗಿದೆ. ನಮ್ಮಂಥವರಿಗೆ ಇದರಲ್ಲಿ ಮುಖ್ಯವಾದದ್ದು ಒಪ್ಪಿಗೆಯ ವಿಷಯ: ಒಪ್ಪಿಗೆ ಕೊಡುವುದು ಎಷ್ಟು ಸುಲಭವಾಗಿತ್ತೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಸೇರುವಾಗ ಒಂದು ಮಿಸ್ಡ್ ಕಾಲ್ ಸಾಕೆಂದು ಹೇಳಿ, ಬಿಡುವಾಗ ಕೋಲಾರಕ್ಕೆ ಬಂದು ಅರ್ಜಿ ಬರೆದು ಸಹಿ ಹಾಕಿ ಎಂದರೆ ಅದು ಕಾಯಿದೆಗೂ ಸಲ್ಲದು, ಮರ್ಯಾದೆಗೂ ಸಲ್ಲದು.

ಈ ಕಾಯಿದೆ ಕಂಪ್ಯೂಟರಿನಲ್ಲಿರುವ ಮಾಹಿತಿಗೂ, ಕಾಗದದಿಂದ ಕಂಪ್ಯೂಟರಿಗೆ ಏರಿಸಿದ ಮಾಹಿತಿಗೂ ಅನ್ವಯಿಸುತ್ತದೆ; ಕಾಗದದ ಪುಸ್ತಕದಲ್ಲಷ್ಟೇ ಇರುವುದಕ್ಕೆ ಅನ್ವಯಿಸುವುದಿಲ್ಲ. ಹಾಗೆಂದು ಅಳಿಸಬೇಕಾದ್ದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡು ಇಟ್ಟುಕೊಳ್ಳುವುದು ಕೊಟ್ಟ ಮಾತಿಗೆ ತಪ್ಪಿದಂತೆಯೇ. ದೂರುಗಳಿಗೆ ಹೆಚ್ಚೆಂದರೆ 90 ದಿನಗಳೊಳಗೆ ಸ್ಪಂದಿಸಬೇಕೆಂದು ನಿಯಮಗಳಿವೆ. ಹಳ್ಳಿಯ ಕೂಟಕ್ಕೆ ಅಷ್ಟು ದಿನ ಬೇಕಿಲ್ಲ. ಕೋರಿಕೆ ತಲುಪಿದೆ ಎಂದು ಅದೇ ದಿನ ಹೇಳಿ, ಹದಿನೈದು ದಿನಗಳಲ್ಲಿ ಕೆಲಸ ಮುಗಿಸುವುದನ್ನು ನಾವು ಅಭ್ಯಾಸ ಮಾಡಿಕೊಂಡಿದ್ದೇವೆ.

ಯಾರಿಗೆ ಯಾವುದು

ಸಭೆಯ ಮನಸ್ತಾಪದಿಂದ ಹೊರಟವರಿಗೆ ಮೊದಲ ದಾರಿಯನ್ನು ಹೇಳಿ ನೋಡುವುದು ಸರಿ. ಫೋನ್ ಕಿರಿಕಿರಿ ಸಾಕೆನಿಸಿದವರಿಗೆ ಸಂದೇಶ ನಿಲ್ಲಿಸಿದರೆ ಸಾಕಾಗಬಹುದು. ಅವರಿಗೆ ಖಾತೆ ಅಳಿಸುವ ಮಾತೇ ಬೇಕಿರುವುದಿಲ್ಲ, ಆದರೆ ಬೇರೆ ಪದ ತಿಳಿಯದೆ ‘ತೆಗೆದುಬಿಡಿ’ ಎಂದಿರುತ್ತಾರೆ. ಜಮೀನು ಮಾರುವವರು, ಮಗಳ ಮದುವೆಯ ಮಾತು ನಡೆಸುತ್ತಿರುವವರು, ಸಾಲದ ಒತ್ತಡದಲ್ಲಿರುವವರು ಇವರಿಗೆಲ್ಲ ಎರಡನೆಯ ದಾರಿ ಹೊಂದುತ್ತದೆ, ಸರ್ವೆ ನಂಬರನ್ನು ನಿಜವಾಗಿಯೂ ತೆಗೆದರೆ ಮಾತ್ರ. ಯಾರಿಂದಲೋ ಕಿರುಕುಳ, ಬೆದರಿಕೆ ಇದೆ ಎಂದು ಒಬ್ಬ ಹೆಣ್ಣುಮಗಳು ಕೇಳಿದರೆ ನಾನು ದಾರಿಗಳ ಪಟ್ಟಿಯನ್ನು ಬಿಡಿಸಿ ಕೂರುವುದಿಲ್ಲ; ಅಂದೇ ಎಲ್ಲವನ್ನೂ ಅಳಿಸುತ್ತೇನೆ, ಫೋಟೋ ಮತ್ತು ಫೋನ್ ಸಂಖ್ಯೆಯಿಂದ ಶುರುಮಾಡಿ. ಈ ಕಾರಣಗಳನ್ನೆಲ್ಲ ನಾವಾಗಿ ಕೆದಕಿ ಕೇಳಬಾರದು. ದಾರಿಗಳನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ, ಬೇಕಿದ್ದರೆ ತೆಲುಗಿನಲ್ಲಿಯೂ ಹೇಳಿದರೆ, ತಮಗೆ ಯಾವುದು ಬೇಕೆಂದು ಅವರೇ ಹೇಳುತ್ತಾರೆ.

ಇಷ್ಟನ್ನೂ ಕೋರಿಕೆ ಬಂದ ಮೇಲೆ ಯೋಚಿಸುವುದಕ್ಕಿಂತ, ಸದಸ್ಯರಾಗುವ ದಿನವೇ ಅರ್ಜಿಯಲ್ಲಿ ಕೇಳಿಬಿಡುವುದು ಎಲ್ಲರಿಗೂ ಹಿತ. ನಮ್ಮ ಅರ್ಜಿಯಲ್ಲಿ ಈಗ ಒಂದು ಪ್ರಶ್ನೆ ಇದೆ: “ಮುಂದೆ ತಾವು ಕೂಟವನ್ನು ಬಿಟ್ಟರೆ, ತಮ್ಮ ಹೆಸರು ಮತ್ತು ಜಮೀನಿನ ಗುರುತಿಲ್ಲದೆ ಬೋರಿನ ಆಳ ಹಾಗೂ ನೀರಿನ ವಿವರವನ್ನು ಇತರ ರೈತರ ಉಪಯೋಗಕ್ಕಾಗಿ ಉಳಿಸಿಕೊಳ್ಳಬಹುದೇ?” ಹೌದು ಎಂದವರೂ ಮುಂದೆ ಮನಸ್ಸು ಬದಲಾಯಿಸಬಹುದೆಂದು ಅದರ ಕೆಳಗೇ ಬರೆದಿದೆ.

ಕೆಲಸ ಮುಗಿದ ಮೇಲೆ ಸದಸ್ಯರಿಗೆ ಕಳುಹಿಸುವ ಪತ್ರವನ್ನು ಇಲ್ಲಿ ಕೊಡುತ್ತಿದ್ದೇನೆ. ಬೇಕಾದವರು ತಮ್ಮ ಕೂಟಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು.

“ಮಾನ್ಯರೇ, ತಮ್ಮ ಕೋರಿಕೆಯಂತೆ ನಮ್ಮ ಸದಸ್ಯರ ಪಟ್ಟಿಯಿಂದ ತಮ್ಮ ಹೆಸರು, ಮೊಬೈಲ್ ಸಂಖ್ಯೆ, ಫೋಟೋ, ಸರ್ವೆ ನಂಬರ್ ಮತ್ತು ಜಿಪಿಎಸ್ ಗುರುತನ್ನು ಇಂದು ತೆಗೆದಿದ್ದೇವೆ. ತಾವು ಒಪ್ಪಿದಂತೆ ಮೂರು ಕೊಳವೆಬಾವಿಗಳ ಆಳ ಮತ್ತು ವರ್ಷವನ್ನು ಹೆಸರಿಲ್ಲದೆ ಕೆರೆಯ ಅಚ್ಚುಕಟ್ಟಿನ ಲೆಕ್ಕದಲ್ಲಿ ಇಟ್ಟಿದ್ದೇವೆ. ಇದನ್ನೂ ತೆಗೆಯಬೇಕೆಂದು ಯಾವಾಗ ಹೇಳಿದರೂ ತೆಗೆಯುತ್ತೇವೆ. ತಮ್ಮ ಚಂದಾದ ರಸೀದಿಗಳು ಲೆಕ್ಕಪತ್ರದಲ್ಲಿ ಮಾತ್ರ ಇರುತ್ತವೆ. ಈ ಹಿಂದೆ ಮುದ್ರಿಸಿ ಹಂಚಿದ ಹಾಳೆಗಳನ್ನು ನಾವು ಹಿಂದಕ್ಕೆ ಪಡೆಯಲಾರೆವು, ಮುಂದಿನ ಮುದ್ರಣದಲ್ಲಿ ತಮ್ಮ ವಿವರ ಇರುವುದಿಲ್ಲ. ಇಷ್ಟು ವರ್ಷ ತಾವು ಕೊಟ್ಟ ಮಾಹಿತಿಗೆ ಕೂಟದ ಎಲ್ಲರ ಪರವಾಗಿ ಕೃತಜ್ಞತೆಗಳು.”